ಪೀಠ ಖಾಲಿ ಇದ್ದ ಎರಡು ವರ್ಷ

ಚಾಮರಾಜಪೇಟೆ
9 ಆಗಸ್ಟ್ 1996

ಪ್ರೀತಿಯ ಅಮ್ಮನಿಗೆ ರಂಜಿನಿಯ ನಮಸ್ಕಾರ.

ಕೆಲಸ ಇದೆ. ಇದನ್ನೇ ಮೊದಲು ಬರೆದೆ, ಇಲ್ಲದಿದ್ದರೆ ಮುಂದಿನದನ್ನು ಓದುವ ಮೊದಲೇ ನೀನು ತುಮಕೂರಿನಲ್ಲಿ ಬಸ್ಸು ಹತ್ತಿರುತ್ತೀಯ. ಈ ಪ್ರೆಸ್ಸನ್ನೂ ಬಿಟ್ಟರೆ ಊರಿಗೆ ಬಂದು ಮತ್ತೆ ಹತ್ತನೇ ಕ್ಲಾಸಿಗೆ ಕೂರಬೇಕು ಎಂದಿದ್ದೆಯಲ್ಲ, ಹೋದ ವಾರ ಹಾಗೇ ಆಗುವುದರಲ್ಲಿತ್ತು.

ನಾವೀಗ ಅಚ್ಚು ಹಾಕುತ್ತಿರುವುದು ಒಂದು ಕ್ರೈಸ್ತ ಧರ್ಮಪ್ರಾಂತ್ಯದ ಚರಿತ್ರೆ. ಬರೆದವರು ಮರಿಯಣ್ಣ ಎಂಬ ವಯಸ್ಸಾದ ಪಾದ್ರಿ. ಫ್ರಾನ್ಸಿನಿಂದ ಹಡಗಿನಲ್ಲಿ ಬಂದು, ಕನ್ನಡ ಕಲಿತು, ಇಲ್ಲೇ ಮಣ್ಣಾದ ಮೊದಲ ಬಿಷಪ್ಪರಿಂದ ಹಿಡಿದು ಒಟ್ಟು ಒಂಬತ್ತು ಜನರ ಕಥೆ. ಅಚ್ಚುಮೊಳೆ ಜೋಡಿಸುತ್ತಾ ಒಂದು ಸಾಲೂ ಬಿಡದೆ ಓದುತ್ತಿದ್ದೇನೆ. ಶಾಲೆಯಲ್ಲಿ ಒಂದು ಪುಟ ಓದಲಾರದವಳು!

ಆರಂಭದಲ್ಲೇ ಬಿಷಪ್ಪರ ಪಟ್ಟಿ. ನಾಲ್ಕನೆಯವರು ತೀರಿಕೊಂಡದ್ದು 1915, ಐದನೆಯವರು ಪೀಠಕ್ಕೆ ಬಂದದ್ದು 1917. ನಮ್ಮ ಮಠದಲ್ಲಿ ಹಿರಿಯ ಸ್ವಾಮಿಗಳಿರುವಾಗಲೇ ಕಿರಿಯರನ್ನು ಗೊತ್ತು ಮಾಡಿಬಿಡುತ್ತಾರೆ, ಪೀಠ ಒಂದು ದಿನವೂ ಬರಿದಾಗುವುದಿಲ್ಲ. ಪಾದ್ರಿಗಳಿಗೆ ಮರೆವು ಎಂದುಕೊಂಡೆ. ಅವರು ಎಲ್ಲ ಸರಿಯಿದೆ ಎಂದು ಸಹಿ ಹಾಕಿದ ಪ್ರೂಫ್ ಬಂದ ಮೇಲೂ, ಯಾರನ್ನೂ ಕೇಳದೆ, 1917 ತೆಗೆದು 1915 ಕೂರಿಸಿದೆ. ಆ ಪುಟದ ಐನೂರು ಪ್ರತಿ ಅಚ್ಚಾಯಿತು.

ಆಮೇಲೆ ಜೋಡಿಸಲು ಐದನೇ ಅಧ್ಯಾಯ ಕೈಗೆ ಬಂತು. ಯುದ್ಧದಿಂದಾಗಿ ಹೊಸ ಬಿಷಪ್ಪರ ಹಡಗು ಎರಡು ವರ್ಷ ಬರಲೇ ಇಲ್ಲವಂತೆ. ಆಗ ಪ್ಲೇಗಿನಲ್ಲಿ ಸತ್ತವರನ್ನು ಮಣ್ಣು ಮಾಡಿದವರು, ಮಕ್ಕಳಿಗೆ ಜಪ ಕಲಿಸಿದವರು ಊರೂರಿನ ಸಾಮಾನ್ಯ ಜನ. ಅವರಲ್ಲೊಬ್ಬರು ಮರಿಯಣ್ಣನವರ ಅಜ್ಜ. ನಾನು ಅಳಿಸಿದ್ದು ಆ ಅಜ್ಜನ ಎರಡು ವರ್ಷ.

ಯಾರೂ ಗಮನಿಸಿರಲಿಲ್ಲ. ಆದರೂ ಮಾಲೀಕರಾದ ಪರಮಶಿವಯ್ಯನವರಿಗೆ ಹೇಳಿದೆ.

“ಸಹಿ ಆದ್ಮೇಲೆ ಮುಟ್ಟೋಕೆ ನೀನ್ಯಾವೂರ ಬಿಷಪ್ಪಮ್ಮಾ? ನಾಳೆಯಿಂದ ಬರ್ಬೇಡ!” ಎಂದು ಕೂಗಾಡಿದರು.

“ಬರಲ್ಲ ಸಾರ್. ಆದ್ರೆ ಇವತ್ತು ಪಾದ್ರಿಗಳಿಗೆ ನಾನೇ ಹೇಳಿ ಹೋಗ್ತೀನಿ” ಎಂದು ಅಲ್ಲೇ ಕೂತೆ.

ಸಂಜೆ ಪಾದ್ರಿಗಳು ಬಂದರು. ಎಲ್ಲ ಕೇಳಿ, ಆ ಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿದರು. “ನಿಮ್ಮ ಮಠದವ್ರು ಜಾಣರು ಕಣಮ್ಮ. ನಾವು ಹಡಗು ಕಾಯ್ಬೇಕಿತ್ತು” ಎಂದು ನಕ್ಕರು. ಆಮೇಲೆ ಪರಮಶಿವಯ್ಯನವರ ಕಡೆ ತಿರುಗಿ, “ನನ್ನ ಪುಸ್ತಕ ಇಷ್ಟು ಓದಿರೋಳು ಇವಳೊಬ್ಳೇ ಕಣ್ರೀ. ಇವಳನ್ನ ಕಳಿಸ್ಬಿಟ್ರೆ ಹೇಗೆ?” ಎಂದರು.

ಪರಮಶಿವಯ್ಯನವರು ಕನ್ನಡಕ ಒರೆಸಿಕೊಂಡು, “ನಾಳೆ ಬೇಗ ಬಾ” ಎಂದಷ್ಟೇ ಅಂದರು.

ಐನೂರು ಪ್ರತಿಗೂ ತಿದ್ದುಪಡಿ ಚೀಟಿ ಅಂಟಿಸಿದವಳು ನಾನೇ. ಅದರಲ್ಲಿರುವುದು ಒಂದೇ ಸಾಲು: 1915ರಿಂದ 1917, ಪೀಠ ಖಾಲಿ. ಬೆರಳೆಲ್ಲ ಮೈದಾ ಅಂಟು. ನಾನು ಚೆನ್ನಾಗಿದ್ದೇನೆ ಅಮ್ಮ.

ನಿನ್ನ ಮಗಳು,
ಶಿವರಂಜಿನಿ

ಮರೆತಿದ್ದೆ: ಕಾಟನ್‌ಪೇಟೆಯಲ್ಲಿ ಗಿರಿಜಾಂಬಾ ಅತ್ತೆ ಸಿಕ್ಕಿ, ಸೆಕೆಂಡ್ ಪಿಯುಸಿ ಹೇಗೆ ನಡೀತಿದೆ ಎಂದು ಕೇಳಿದರು. ನಾನು ಓದುತ್ತಿದ್ದೇನೆ ಎಂದು ಹೇಳಿದವಳು ನೀನೇ ಅಂತೆ. ಬೇಡಮ್ಮ. ನಾನು ಶಾಲೆ ಬಿಟ್ಟು ಎರಡು ವರ್ಷವಾಯಿತು, ಆ ಎರಡು ವರ್ಷ ಖಾಲಿ ಅಂತಲೇ ಹೇಳು. ಖಾಲಿ ಇದ್ದು ಏನು ಮಾಡಿದಳು ಎಂದು ಕೇಳಿದರೆ, ಒಂದು ಪುಸ್ತಕ ಜೋಡಿಸಿದಳು ಅನ್ನು.