ಕಪ್ಪು ಬರಲೆಂದು ಬೇಡಿದ್ದು

ಗಜೇಂದ್ರಗಡ
ತಾ. ೧೮-೧೧-೧೯೫೬

ಕೊಣ್ಣೂರಿನ ಅಕ್ಕ ಹೊನ್ನವ್ವನಿಗೆ ತಂಗಿ ಮಾನವ್ವನ ನಮಸ್ಕಾರಗಳು.

ನಾವೆಲ್ಲ ಆರಾಮ. ಹೊಳೆ ಇಳಿದು ನಿಮ್ಮ ಕಡೆಗೆ ಟಪಾಲು ಮತ್ತೆ ಸುರುವಾಗಿದೆ ಎಂದು ಕೇಳಿ ಬರೆಯುತ್ತಿದ್ದೇನೆ. ದಸರೆಗೆ ಬಾ ಎಂದು ನೀನು ಕರೆದರೂ ನಾನು ಬರಲಿಲ್ಲ. ಜ್ವರ ಬಂದಿತ್ತೆಂದು ಅವ್ವ ಬರೆಸಿದ್ದು ಸುಳ್ಳು. ನಡೆದದ್ದನ್ನು ಹೇಳುತ್ತೇನೆ. ಓದುವಾಗ ಅಳಬೇಡ, ನಾನೂ ಅಳದೆ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ನನ್ನ ಹೆಸರು ಮಾಸ್ತರರ ಬಾಯಲ್ಲಷ್ಟೇ ಉಳಿದಿತ್ತು. ಪೇಟೆಯಲ್ಲಿ ಕಾಳುಕಡಿಯ ದಲಾಲಿ ಮಾಡುವ ಅಡತಿ ಅಂಗಡಿಯವರ ಮಗಳು ವೀರವ್ವ ನನಗೆ ‘ಎರಿ’ ಎಂದು ಹೆಸರಿಟ್ಟಿದ್ದಳು, ಕಪ್ಪು ಎರೆಮಣ್ಣಿನ ಬಣ್ಣದವಳೆಂದು. ಅದೇ ಎರೆಹೊಲ ಕೊಳ್ಳಲು ಅವರಪ್ಪ ಅಬ್ಬಿಗೇರಿಯ ತನಕ ಹೋಗುತ್ತಾನೆ, ಆ ಮಾತು ಬೇರೆ. ನಾನು ಲೆಕ್ಕ ಬಿಡಿಸಲು ಕರಿಹಲಗೆಯ ಮುಂದೆ ನಿಂತರೆ, ಹಲ್ಲರ ಕಿಸಿ ಯವ್ವಾ, ಎಲ್ಲಿ ನಿಂತಿ ಗೊತ್ತಾಗವಲ್ದು ಅನ್ನುವಳು. ಎಲ್ಲರೂ ನಗುವರು. ನನಗೆ ಲೆಕ್ಕ ತಪ್ಪುವುದು.

ನಮ್ಮ ಹಿತ್ತಲಲ್ಲಿ ನೂಲು ಬಿಳಿ ಮಾಡುವ ಪುಡಿಯ ಡಬ್ಬಿ ಇದೆಯಲ್ಲ, ನೂಲಿಗೆ ಆಗುವುದು ನನಗೇಕೆ ಆಗಬಾರದು ಅಂದುಕೊಂಡೆ. ಹೊಸ ಬಣ್ಣವನ್ನು ಮೊದಲು ಒಂದೇ ಎಳೆಗೆ ಹಾಕಿ ನೋಡುವ ನಮ್ಮ ಮನೆಯ ರೂಢಿ ನನ್ನ ಮುಖವನ್ನು ಉಳಿಸಿತು. ಮೊದಲು ಎಡತೋಳಿಗೆ ಹಚ್ಚಿ, ಬಟ್ಟೆ ಕಟ್ಟಿ ಕೂತೆ. ಉರಿಯಿತು. ಉರಿದರೆ ಹತ್ತುತ್ತಿದೆ ಎಂದು ಹಲ್ಲು ಕಚ್ಚಿದೆ. ಬೊಬ್ಬೆ ಎದ್ದು, ಒಡೆದು, ಮಾಯ್ದ ಮೇಲೆ ಅಂಗೈಯಗಲ ಬೆಳ್ಳಗಾಗಿತ್ತು. ಖರೇ ಹೇಳುತ್ತೇನೆ ಅಕ್ಕ, ನೋಡಿ ಸಂತೋಷಪಟ್ಟೆ.

ಆ ಸಂತೋಷ ಶಾಲೆಯ ಬಾಗಿಲ ತನಕ. ತೊನ್ನ ಐತಿ, ಮುಟ್ಟಬ್ಯಾಡ್ರಿ ಅಂದಳು ವೀರವ್ವ. ಜಮಖಾನೆಯ ಮೇಲೆ ನನ್ನ ಸಾಲಿನವರೆಲ್ಲ ದೂರ ಸರಿದು ಕೂತರು. ಎರಿ ಅನ್ನುವಾಗ ಪಕ್ಕದಲ್ಲಾದರೂ ಕೂಡುತ್ತಿದ್ದರು. ಓಣಿಯ ಕಳಕವ್ವ ಬಂದು, ಹಿಂಗಾದ್ರ ಈಕಿನ್ನ ಯಾರ ಮಾಡ್ಕೋತಾರ ಅಂದು ಹೋದಳು. ಬಿಸಿ ಗಂಜಿ ಚೆಲ್ಲಿ ಸುಟ್ಟದ್ದೆಂದು ಅವ್ವ ಕಂಡವರಿಗೆಲ್ಲ ಹೇಳಿ ದಣಿದಳು, ಯಾರೂ ನಂಬಲಿಲ್ಲ. ನನ್ನ ಶಾಲೆ ಬಿಡಿಸಿದರು. ಬಣ್ಣ ತಿರುಗಿ ಬಂದ್ರ ಬಂತು, ಖಾತ್ರಿ ಹೇಳಾಕ ಬರೂದಿಲ್ಲ ಅಂದರು ದವಾಖಾನೆಯ ಡಾಕ್ಟರು.

ಆಮೇಲೆ ಬೆಳಗಾದರೆ ಅಂಗಳಕ್ಕೆ ಬಂದು ತೋಳು ನೋಡಿಕೊಳ್ಳುವುದೇ ನನ್ನ ಉದ್ಯೋಗವಾಯಿತು. ಕಪ್ಪಾಗಲಪ್ಪಾ ಎಂದು ಕಾಲಕಾಲೇಶ್ವರನಿಗೆ ಕೈಮುಗಿದೆ. ಇಷ್ಟು ವರ್ಷ ಬೆಳ್ಳಗೆ ಮಾಡೆಂದು ಬೇಡಿದವಳೂ ನಾನೇ. ಅವನಿಗೂ ತಲೆ ಕೆಟ್ಟಿರಬೇಕು. ದೀಪಾವಳಿಯ ಹಿಂದಿನ ದಿನ ಕಲೆಯ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು ಕಂಡವು. ನನ್ನ ಬಣ್ಣ ಅಕ್ಕ, ನನ್ನದೇ. ಮುನಿಸಿಕೊಂಡು ಹೋದವಳು ಮನೆಗೆ ತಿರುಗಿ ಬಂದ ಹಾಗೆ ಅನಿಸಿ, ಮುಟ್ಟಿ ಮುಟ್ಟಿ ನೋಡಿ ಅತ್ತೆ.

ಈಗ ಅರ್ಧ ತುಂಬಿದೆ. ಉಳಿದದ್ದು ತುಂಬದಿದ್ದರೆ ಬಿಡಲಿ ಎಂದು ಕಳೆದ ಸೋಮವಾರ ಗಿಡ್ಡ ತೋಳಿನ ಕುಪ್ಪಸ ತೊಟ್ಟು ಶಾಲೆಗೆ ಹೊರಟೆ. ಅಪ್ಪ ಮಗ್ಗದಿಂದ ತಲೆಯೆತ್ತಿ ನೋಡಿದ, ಬೇಡ ಅನ್ನಲಿಲ್ಲ. ಎರಿ ಬಂದ್ಳು ನೋಡ್ರಿ ಅಂದಳು ವೀರವ್ವ. ಹೌದು, ಬಂದೀನಿ, ಸ್ವಲ್ಪ ಆಕಡೆ ಸರಿ ಅಂದು ಅವಳ ಪಕ್ಕದಲ್ಲೇ ಕೂತೆ. ಅವಳೇನೂ ಬದಲಾಗಿಲ್ಲ. ನಿನ್ನೆಯೂ ಅಂದಳು, ನನಗೂ ಒಂದಿಷ್ಟು ನೋವಾಯಿತು. ಆದರೆ ಮನೆಗೆ ಬಂದು ಆ ಡಬ್ಬಿಯ ಕಡೆ ನೋಡಲಿಲ್ಲ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಕರಿಯ ತಂಗಿ,
ಮಾನವ್ವ

ತಾ.ಕ.: ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಿಮ್ಮೂರಿಂದ ಸಂತೆಗೆ ಬಂದಿದ್ದ ಹುಚ್ಚಪ್ಪ ಕಾಕಾ ಹೇಳಿದ. ನಿನ್ನ ಎರಡನೆಯ ಕೂಸು ನನ್ನ ಬಣ್ಣ ತಂದಿದೆಯಂತೆ, ದಿನಾ ಕಡಲೆಹಿಟ್ಟು ಹಚ್ಚಿ ಅದು ಅಳುವ ತನಕ ತಿಕ್ಕುತ್ತೀಯಂತೆ. ನೀನು ಬರೆದಿರಲಿಲ್ಲ. ತಿಕ್ಕಬೇಡ ಅಕ್ಕ. ಇದು ಯಾರ ಬಣ್ಣ ಎಂದು ನಿಮ್ಮತ್ತೆ ಕೇಳಿದರೆ ನನ್ನ ಹೆಸರು ಹೇಳು.