ಕಿರುಬೆರಳಿನ ಅಳತೆ

ಕೋಟಗೆಡೆ, ಯೋಗ್ಯಕಾರ್ತಾ
೧೪ ಸೆಪ್ಟೆಂಬರ್ ೨೦೦೩

ನನ್ನ ಯಾನಿ,

ಅಸ್ಸಲಾಮು ಅಲೈಕುಮ್. ಸೆಮರಾಂಗ್‌ನಲ್ಲಿ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ. ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಹಸಿದುಕೊಂಡೇ ಮಲಗುವ ಚಾಳಿ ಬಿಟ್ಟೆಯೋ ಇಲ್ಲವೋ. ನಾನು ಗಟ್ಟಿಯಾಗಿದ್ದೇನೆ, ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ.

ಗುನಾದಿಯನ್ನು ಮದುವೆಯಾಗಲು ಒಪ್ಪಿಗೆ ಕೇಳಿ ನೀನು ಬರೆದು ಮೂರು ತಿಂಗಳಾಯಿತು. ಉತ್ತರ ಬರೆಯದೆ ಇದ್ದದ್ದು ನನ್ನ ತಪ್ಪು. ನನ್ನ ಪ್ರಿಹಾಂತೋ ತೀರಿಕೊಂಡು ನಾಲ್ಕು ವರ್ಷ. ಗಂಡ ಹೋದ ಮೇಲೂ ಅತ್ತೆಯನ್ನು ಕೇಳಿ ಹೆಜ್ಜೆಯಿಡುವ ಸೊಸೆ ಯಾರಿಗೆ ಸಿಗುತ್ತಾಳೆ? 'ಆಗಲಿ' ಎಂದು ಒಂದು ಪದ ಬರೆದು ಕಳಿಸಲು ಮನಸ್ಸಾಗಲಿಲ್ಲ. ಜೊತೆಗೆ ಏನಾದರೂ ಕೊಡಬೇಕೆನ್ನಿಸಿತು.

ನಮ್ಮ ಓಣಿಯ ತುದಿಯ ಬೆಳ್ಳಿ ಕೆಲಸದ ಮನೆಯಲ್ಲಿ ಈಗ ಹೊಸಬರಿಗೂ ಕಲಿಸುತ್ತಾರೆ. ಸಂತೆಯಲ್ಲಿ ಪುಟ್ಟ ಉಂಡೆಯಂಥ ಕಿಪೋ ಸಿಹಿ ಮಾರಿ ಮುಗಿಸಿ, ಖಾಲಿ ಬುಟ್ಟಿಯ ಸಮೇತ ಅಲ್ಲಿಗೆ ಹೋದೆ. ಕಲಿಸುವವಳು ವೆನಿಂಗ್, ಇಪ್ಪತ್ತಾರರ ಹುಡುಗಿ, ಬಾಯಿ ಸ್ವಲ್ಪ ಜೋರು.

"ಮೊಮ್ಮಗಳನ್ನ ಸೇರಿಸೋಕೆ ಬಂದ್ರಾ ಅಜ್ಜಿ?"

"ಇಲ್ಲ, ನನ್ನನ್ನೇ ಸೇರಿಸ್ಕೋ."

ಮೊದಲ ದಿನವೇ ಕೂದಲೆಳೆಯಂಥ ಗರಗಸದ ಅಲಗು ಏಳು ಮುರಿದೆ. "ಯಾರ ಮೇಲಿನ ಸಿಟ್ಟು ಅಜ್ಜಿ ಇದು? ತಳ್ಳಬೇಡಿ, ಅದರ ಪಾಡಿಗೆ ಅದು ಕೊಯ್ಯುತ್ತೆ" ಎಂದಳು. ಮುಂದಿನ ವಾರ ಬೆಸುಗೆ. ಬೆಂಕಿಯಲ್ಲಿ ಉಂಗುರ ಕೆಂಪಗಾಗುವುದು ಎಷ್ಟು ಚೆಂದ ಎಂದು ನೋಡುತ್ತ ಕೂತೆ. ರೆಪ್ಪೆ ಬಡಿಯುವಷ್ಟರಲ್ಲಿ ಅದು ಕರಗಿ ಗುಂಡಗೆ ಉರುಳಿತ್ತು. "ಬೆಳ್ಳಿ ಕಿಪೋ ಮಾಡ್ಬಿಟ್ರಲ್ಲ!" ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾನಿ. ಪ್ರಿಹಾಂತೋ ಹೋದ ಮೇಲೆ ಹಾಗೆ ನಕ್ಕಿರಲಿಲ್ಲ. ಆಮೇಲೆ ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ವೆನಿಂಗ್ ಬೆರಳಿನ ಅಳತೆ ಕೇಳಿದಳು. ಮದುವೆಯ ಹೊಸದರಲ್ಲಿ ಅಕ್ಕಿ ತೊಳೆಯುವ ಮುಂಚೆ ನಿನ್ನ ಉಂಗುರ ಬಿಚ್ಚಿ ನನ್ನ ಕಿರುಬೆರಳಿಗೆ ಹಾಕುತ್ತಿದ್ದೆಯಲ್ಲ, ಆ ಬೆರಳನ್ನೇ ಚಾಚಿದೆ. ಯಾರೆಂದು ಹೇಳದೆ, ಹಿಂದೆ ಅವಳ ಉಂಗುರ ಇದಕ್ಕೆ ಸರಿಹೋಗುತ್ತಿತ್ತು ಎಂದೆ.

"ಇಷ್ಟು ವರ್ಷದಲ್ಲಿ ನಿಮ್ಮ ಬೆರಳು ದಪ್ಪ ಆಗಿಲ್ವಾ?"

"ಅವಳದ್ದೂ ಆಗಿರುತ್ತೆ ಬಿಡು" ಎಂದೆ.

ಹೊಸ ಉಂಗುರದ ಕಲ್ಲು ಬದನೆ ಹೂವಿನ ಬಣ್ಣದ್ದು. ಸುತ್ತಲೂ ತೆಳು ಬೆಳ್ಳಿಪಟ್ಟಿಯ ಗೋಡೆ ಕಟ್ಟಿ, ಒಳಗೆ ಕಲ್ಲು ಕೂರಿಸಿ, ಅಂಚನ್ನು ಅದರ ಮೇಲೆ ಬಾಗಿಸಬೇಕು. ಮೊದಲ ಸಲ ಒಂದೇ ಕಡೆಯಿಂದ ಒತ್ತುತ್ತ ಹೋದೆ. ಕಲ್ಲು ಓರೆಯಾಗಿ ಬಿರುಕು ಬಿಟ್ಟಿತು. "ಈ ಕಡೆ ಒತ್ತಿದ್ರೆ ತಕ್ಷಣ ಎದುರುಗಡೆನೂ ಒತ್ತಿ. ಕಲ್ಲಿಗೆ ಗಾಬರಿ ಆಗಬಾರದು" ಎಂದಳು. ಎರಡನೆಯ ಕಲ್ಲು ಕೂತಿತು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ, ಸದ್ದೇ ಇಲ್ಲ. ವೆನಿಂಗ್ ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಬಯ್ಯಲು ಏನೂ ಸಿಗದೆ "ಯಾರಿಗೆ ಇದು?" ಎಂದಳು.

"ಸೊಸೆಗೆ. ಅವಳ ಮದುವೆ."

ನನ್ನ ಮಗನ ಸುದ್ದಿ ಓಣಿಗೆಲ್ಲ ಗೊತ್ತು. ಹುಡುಗಿ ಆಮೇಲೆ ತಮಾಷೆ ಮಾಡಲಿಲ್ಲ. ಬೆಳ್ಳಿಗೆ ಹೊಳಪು ಕೊಟ್ಟು ಕಪ್ಪಾಗಿದ್ದ ನನ್ನ ಕೈಗಳನ್ನು ತಾನೇ ಸೋಪು ಹಚ್ಚಿ ತೊಳೆದಳು.

ಉಂಗುರ ಈ ಪೊಟ್ಟಣದಲ್ಲಿದೆ. ಒಪ್ಪಿಗೆಯೂ ಇದೆ, ಮನಸಾರೆ. ಗುನಾದಿ ಬೇರೆ ಉಂಗುರ ತಂದಿದ್ದರೆ ಇದನ್ನು ಇನ್ನೊಂದು ಕೈಗೆ ಹಾಕಿಕೋ. ಬಿಗಿಯಾದರೆ ಬೇರೆ ಯಾರಿಗೂ ಕೊಡಬೇಡ, ಇಲ್ಲಿಗೇ ತಾ. ಅಲ್ಲಾಹು ನಿಮ್ಮ ಮನೆಯನ್ನು ತಂಪಾಗಿಡಲಿ. ಮದುವೆಯ ದಿನವಾದರೂ ಹೊಟ್ಟೆ ತುಂಬ ಉಣ್ಣು.

ಪ್ರಿಹಾಂತೋನ ತಾಯಿ,
ಸುಕಪ್ತಿ

ತಾ.ಕ.: ಉಂಗುರಕ್ಕಾಗಿ ತಡವಾಯಿತು ಎನ್ನುವ ಹಾಗೆ ಬರೆದಿದ್ದೇನೆ. ಅದು ಅರ್ಧ ಸುಳ್ಳು. ನಿನ್ನ ಕಾಗದ ಓದಿದಾಗ ಮೊದಲು ನೆನಪಾದದ್ದು ಮಗನಲ್ಲ. ಇನ್ನು ನೀನು ಗುನಾದಿಯ ತಾಯಿಯನ್ನು 'ಅಮ್ಮಾ' ಎನ್ನುತ್ತೀಯ ಎಂಬುದು. ನನ್ನನ್ನು ಹಾಗೆ ಕರೆಯಲು ಉಳಿದಿರುವವಳು ನೀನೊಬ್ಬಳೇ. ಅವರನ್ನೂ ಕರೆ, ಕರೆಯಲೇಬೇಕು. ನನ್ನನ್ನು ಕರೆಯುವುದು ಬಿಡಬೇಡ, ಮಗಳೇ.