ಉಸಿರಾಡದ ಗೊಂಬೆ

ರಾಯಚೂರು, ಮೂರನೆಯ ಬೇಸಿಗೆಯ ನಲವತ್ತೊಂದನೆಯ ದಿನ, ೨೧೯೩

ಡಾಕ್ಟರ್ ನಿರಂಜನ ಅವರಿಗೆ,

ನಮ್ಮ ಕಾಲದ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಅಷ್ಟಕ್ಕೇ, ಮುಂದೆ ಬರೆಯುವುದಕ್ಕಲ್ಲ. ನಾನು ಗಂಗಾಂಬಿಕೆ, ಕೈಗಾರರ ಗುರು. ಯಂತ್ರದ ತೋಳು ನಿಂತರೆ ಸ್ವಂತ ಕೈಯಿಂದಲೇ ಶಸ್ತ್ರಚಿಕಿತ್ಸೆ ಮಾಡಬೇಕಾದ ವೈದ್ಯರನ್ನು ಕೈಗಾರರು ಎನ್ನುತ್ತೇವೆ. ನೂರು ವರ್ಷ ಆ ತೋಳು ನಿಂತದ್ದೇ ಇಲ್ಲ. ಹಾಗಾಗಿ ನನ್ನ ಗುರುವೂ ನಾನೂ ಮುಟ್ಟಿದ್ದು ನೂರು ವರ್ಷಕ್ಕೂ ಹಿಂದೆ ನೀವು ಬಿಟ್ಟುಹೋದ, ಶಸ್ತ್ರಚಿಕಿತ್ಸೆ ಕಲಿಸುವ ಗೊಂಬೆಯನ್ನು ಮಾತ್ರ.

ಇಲ್ಲಿ ವರ್ಷಕ್ಕೆ ಮೂರು ಬೇಸಿಗೆ. ನೀರು ಅಳೆದು ಕುಡಿಯುತ್ತೇವೆ. ಕಿಡ್ನಿಯಲ್ಲಿ ಕಲ್ಲಿಲ್ಲದವರನ್ನು ಹುಡುಕಬೇಕು. ತೆಗೆದ ಕಲ್ಲನ್ನು ಪುಟ್ಟ ಭರಣಿಯಲ್ಲಿ ಹಾಕಿ ಗೋಡೆಯ ಗೂಡಿನಲ್ಲಿಡುವುದು ರೂಢಿ. ಬಂದ ನೆಂಟರು ಅದರ ಗಾತ್ರದ ಬಗ್ಗೆ ಒಂದು ಮಾತಾಡದೆ ಊಟಕ್ಕೆ ಕೂರುವುದಿಲ್ಲ. ಆ ಕಲ್ಲಿಗೆ ಬೆನ್ನಿನಿಂದ ಸೂಜಿ ಇಳಿಸಿ ದಾರಿ ಮಾಡುವುದನ್ನು ನಿಮ್ಮ ಗೊಂಬೆ ಕಲಿಸುತ್ತದೆ: ಪೆಡಲ್ ಒತ್ತಿ ಎಕ್ಸ್‌ರೇ ಚಿತ್ರ ನೋಡು, ಕಾಲು ತೆಗೆ, ಸೂಜಿ ಇಳಿಸು. ಒಂದೇ ಚಿತ್ರದಲ್ಲಿ ಮುಗಿಸಿದವರಿಗೆ ಪೂರ್ತಿ ಅಂಕ. ನನ್ನ ಶಿಷ್ಯೆ ರುದ್ರಾಣಿಗೆ ಪ್ರತಿ ಸಲವೂ ಪೂರ್ತಿ ಅಂಕ ಬರುತ್ತಿತ್ತು.

ಹೋದ ಬೇಸಿಗೆಯ ಕಾವಿಗೆ ತೋಳು ನಿಂತಿತು. ಮೊದಲು ಬಂದವನು ನನ್ನ ತಮ್ಮ ಅಮರೇಶ. ಕಲ್ಲಿನ ಜೊತೆಗೆ ಕೀವು, ಜ್ವರ, ಕಾಯುವಂತಿರಲಿಲ್ಲ. ಒಡಹುಟ್ಟಿದವರಿಗೆ ಸೂಜಿ ಹಾಕಬಾರದೆಂಬುದು ನಮ್ಮ ನಿಯಮ, ಹಾಗಾಗಿ ಸೂಜಿ ಹಿಡಿದು ರುದ್ರಾಣಿ ನಿಂತಳು. ಬೆನ್ನಿಗೆ ಮರಗಟ್ಟುವ ಮದ್ದು ಕೊಟ್ಟು ಅವನನ್ನು ಬೋರಲು ಮಲಗಿಸಿದೆವು. “ಅಕ್ಕಾ, ನನ್ನ ಕಲ್ಲು ನಿಂದಕ್ಕಿಂತ ದೊಡ್ಡದು ಬರತೈತಿ ನೋಡು,” ಎಂದು ನಕ್ಕ. ರುದ್ರಾಣಿ ಒಂದೇ ಚಿತ್ರ ನೋಡಿ ಕಾಲು ತೆಗೆದಳು. ಅವನು ದೀರ್ಘವಾಗಿ ಉಸಿರೆಳೆದ. ಕಿಡ್ನಿ ಕೆಳಗೆ ಜಾರಿತು, ಸೂಜಿ ರಕ್ತನಾಳವನ್ನು ಸೀಳಿತು. ಸಂಜೆಯವರೆಗೂ ರಕ್ತ ನಿಲ್ಲಲಿಲ್ಲ, ಆಮೇಲೆ ಅವನೇ ಉಳಿಯಲಿಲ್ಲ.

“ಗೊಂಬಿ ಉಸಿರಾಡ್ತಿರಲಿಲ್ಲರೀ ಅಕ್ಕಾರ,” ಎಂದಳು ರುದ್ರಾಣಿ.

ಗೊಂಬೆಯ ಹಳೆಯ ದಾಖಲೆ ತೆರೆದೆ. ಅದನ್ನು ಮಾಡಿದವರು ಉಸಿರಾಟ ಇಟ್ಟೇ ಮಾಡಿದ್ದರು. ನಿಮ್ಮ ಹನ್ನೊಂದು ವಿದ್ಯಾರ್ಥಿಗಳಲ್ಲಿ ಒಂಬತ್ತು ಮಂದಿ ಅದರ ಮೇಲೆ ಸೋತಿದ್ದರು, ಮರುದಿನ ಹೊರಗಿನವರು ಬಂದು ಮಾಡುವ ತಪಾಸಣೆ. ಕೆಳಗೆ ನಿಮ್ಮ ಹೆಸರಿನಲ್ಲಿ ಒಂದು ಸಾಲು: ‘ಉಸಿರಾಟ ತಾತ್ಕಾಲಿಕವಾಗಿ ನಿಲ್ಲಿಸಿದೆ.’ ಹನ್ನೊಂದೂ ಮಂದಿ ಗೆದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ನೆಲವನ್ನೇ ತಿದ್ದಿಬಿಟ್ಟಿರಿ. ಆ ಗೊಂಬೆಯನ್ನು ನೋಡಿಯೇ ಮುಂದಿನ ಗೊಂಬೆಗಳೆಲ್ಲ ಆದವು. ನಾಚಿಕೆಗೇಡು, ಡಾಕ್ಟರ್.

ಕಿಡ್ನಿ ಉಸಿರಿನೊಡನೆ ಸರಿಯುತ್ತದೆ ಎಂದು ಪುಸ್ತಕದಲ್ಲಿತ್ತು. ಹತ್ತೊಂಬತ್ತು ವರ್ಷ ಅದನ್ನು ಪಾಠ ಮಾಡಿ, ಸರಿಯದ ಕಿಡ್ನಿಗೆ ಅಂಕ ಕೊಟ್ಟವಳು ನಾನು. ಆ ಪಾಪ ನನಗಿರಲಿ, ನಿಮ್ಮದು ನಿಮಗೆ.

ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರ ಆ ತಪಾಸಣೆಯ ದಿನದ ಸಂಜೆಗೆ ನಿಮ್ಮನ್ನು ಮುಟ್ಟಬೇಕು. ತಪಾಸಣೆಗೆ ಬಂದ ಅತಿಥಿಗಳು ಹೋಗಿರುತ್ತಾರೆ, ಗೊಂಬೆ ಇನ್ನೂ ಮೇಜಿನ ಮೇಲಿರುತ್ತದೆ. ಎದ್ದು ಹೋಗಿ ಉಸಿರಾಟ ಮತ್ತೆ ಶುರುಮಾಡಿ. ಒಂಬತ್ತು ಮಂದಿ ಸೋಲಲಿ, ನಿಮ್ಮ ಮಾನ ಹೋಗಲಿ.

ನಿಮಗೆ ನಮಸ್ಕಾರ ಹೇಳಲಾರೆ. ಅಮರೇಶ ತನ್ನ ಕೈಯಾರೆ ತೊಳೆದಿಟ್ಟ ಭರಣಿ ಗೂಡಿನಲ್ಲಿ ಖಾಲಿ ಇದೆ. ನೆಂಟರು ಬರುತ್ತಾರೆ, ಅದನ್ನು ನೋಡುತ್ತಾರೆ, ಏನೂ ಹೇಳದೆ ಊಟಕ್ಕೆ ಕೂರುತ್ತಾರೆ.

ಗಂಗಾಂಬಿಕೆ